ಹೆಬ್ಬೆಟ್ಟಿನ ಸೋಮವಾರ

ಹೊಂಗನೂರು
5 ಜುಲೈ 2025

ಪ್ರತಿಮಾ,

ಆಶೀರ್ವಾದ. ಮೊನ್ನೆ ನೀನು ಪಕ್ಕದ ಮನೆ ಅಂಕಯ್ಯನ ಫೋನಿಗೆ ಮಾಡಿದ್ದೆಯಲ್ಲ, ಅವನು ಅದನ್ನು ತಂದು ನನ್ನ ಕಿವಿಗೆ ಒತ್ತಿ ಹಿಡಿದ. ನನಗೆ ಕೇಳಿಸಿದ್ದು ಗೊರಗೊರ ಸದ್ದು ಮಾತ್ರ. ಆಮೇಲೆ ಸ್ಪೀಕರ್ ಹಾಕಿದ. ಬೀದಿಗೆಲ್ಲ ಕೇಳಿಸಿತು, ನನಗೆ ಕೇಳಿಸಲಿಲ್ಲ. ಫಿಲೇಚರಿನ ಮೋಟಾರಿನ ಪಕ್ಕ ಕೂತು ರೇಷ್ಮೆ ನೂಲು ತೆಗೆದು ತೆಗೆದು ಈ ಕಿವಿ ಹೋಗಿದೆ. ಅದಕ್ಕೇ ಈ ಕಾಗದ. ಏಳನೇ ಕ್ಲಾಸು ಓದಿದ್ದು ಇಷ್ಟಕ್ಕಾದರೂ ಬಂತಲ್ಲ. ನೀನೂ ಕಾಗದವನ್ನೇ ಬರೆ. ಅಕ್ಷರ ದಪ್ಪಗಿರಲಿ.

ಈ ತಿಂಗಳ ಅಕ್ಕಿ ಬಂದಿದೆ. ಅನಂತರಾಜು ನಮ್ಮೂರ ಸೊಸೈಟಿಯ ಬಾಗಿಲು ತೆಗೆಯುವುದು ಸೋಮವಾರ ಮಾತ್ರ, ಮಿಕ್ಕ ದಿನ ಬೇರೆ ಊರಿನ ಅಂಗಡಿ ನೋಡಿಕೊಳ್ಳುತ್ತಾನೆ. ರೇಷನ್ ಕಾರ್ಡಿನಲ್ಲಿ ಈಗ ಉಳಿದಿರುವುದು ನಾವಿಬ್ಬರೇ. ನನ್ನ ಹೆಬ್ಬೆಟ್ಟನ್ನು ಅವನ ಮಿಷನ್ನು ತೆಗೆದುಕೊಳ್ಳುವುದಿಲ್ಲ. ಕುದಿಯುವ ನೀರಿನಲ್ಲಿ ಗೂಡು ಹಿಡಿದ ಕೈಯಲ್ಲಿ ಗೆರೆ ಎಲ್ಲಿ ಉಳಿಯುತ್ತದೆ? ಹೋದ ಸಲ ಒಂದೊಂದೇ ಬೆರಳು ಒತ್ತಿಸಿ ನೋಡಿ, "ಏನೂ ಇಲ್ವಲ್ಲ ಮುನಿಯಮ್ಮ, ಸೋರೆಕಾಯಿ ಸವರಿದಂಗೈತೆ" ಅಂದ.

ಫೋನಿಗೆ ನಂಬರ್ ಕಳಿಸಿದರೂ ಆಗುತ್ತದಂತೆ. ಆದರೆ ಕಾರ್ಡಿನಲ್ಲಿ ಇರುವುದು ಲೋಕೇಶನ ಫೋನು. ನನ್ನ ಮಗ ಹೋದ ಮೇಲೆ ಆ ನಂಬರನ್ನು ಬಿಡದಿಯ ಯಾರಿಗೋ ಕೊಟ್ಟಿದ್ದಾರೆ. ಅದನ್ನು ಬದಲಾಯಿಸಬೇಕಾದರೆ ಕಾರ್ಡಿನ ಯಜಮಾನಿಯ ಹೆಬ್ಬೆಟ್ಟು ಬೇಕು. ಯಜಮಾನಿ ನಾನು. ಹೇಗಿದೆ ನೋಡು ಇವರ ಕತೆ.

ಆದ್ದರಿಂದ ಸೋಮವಾರ ನೀನು ಬರಬೇಕು. ಮಕ್ಬೂಲ್ ಸಾಬರ ಫಿಲೇಚರ್ ಚೆನ್ನಾಗಿ ನಡೆಯುತ್ತಿದೆ. ನನಗೇನೂ ಯೋಚನೆ ಇಲ್ಲ.

ಇಂತಿ,
ಮುನಿಯಮ್ಮ


ಹಾರೋಹಳ್ಳಿ
9 ಜುಲೈ 2025

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಕಾಗದ ಹಾಸ್ಟೆಲಿನ ವಾರ್ಡನ್ ಕೈಗೆ ಹೋಗಿತ್ತು. ಇಲ್ಲಿ ಯಾರಿಗೂ ಕಾಗದ ಬರುವುದಿಲ್ಲವಾದ್ದರಿಂದ ಕೋರ್ಟಿನ ನೋಟಿಸು ಅಂದುಕೊಂಡು ನನ್ನನ್ನು ಕೆಳಕ್ಕೆ ಕರೆಸಿದರು. ನನ್ನ ರೂಮಿನ ಜಾರಾ ಇಡೀ ದಿನ ನಕ್ಕಳು. ಅವಳು ನಮ್ಮ ಚನ್ನಪಟ್ಟಣದವಳೇ, ನನ್ನ ಪಕ್ಕದ ಮಿಷನ್ನಿನಲ್ಲಿ ತೋಳು ಹೊಲಿಯುತ್ತಾಳೆ. ನಾನು ಕಾಲರ್.

ಸೋಮವಾರ ಬರುತ್ತೇನೆ. ರಜೆ ಕೇಳಿದ್ದಕ್ಕೆ ಸೂಪರ್‌ವೈಸರ್ "ಪ್ರತಿ ತಿಂಗ್ಳೂ ಸೋಮವಾರಾನೇ ಯಾಕಮ್ಮ ನಿಂಗೆ?" ಅಂದರು. ಅಕ್ಕಿಯ ವಿಷಯ ಹೇಳಿದೆ. ಅವರು ಮಂಡ್ಯದ ಕಡೆಯವರು, ಅರ್ಥವಾಯಿತು. ಆದರೂ ಹಾಜರಿಯಲ್ಲಿ ಗುರುತು ಹಾಕಿಕೊಂಡರು. ಹೊರದೇಶದ ಆರ್ಡರು ಕಡಿಮೆಯಾಗಿದೆ, ಯಾರು ಎಷ್ಟು ರಜೆ ಹಾಕುತ್ತಾರೆ ಅಂತ ಮೇಲಿನವರು ನೋಡುತ್ತಿದ್ದಾರಂತೆ. ಎಲ್ಲ ಫ್ಯಾಕ್ಟರಿಯಲ್ಲೂ ಹೀಗೆ ಹೇಳುತ್ತಲೇ ಇರುತ್ತಾರೆ. ನೀವು ತಲೆ ಕೆಡಿಸಿಕೊಳ್ಳಬೇಡಿ.

ಬಸ್ಸಿಗೇನೂ ಖರ್ಚಿಲ್ಲ, ಆಧಾರ್ ತೋರಿಸಿದರೆ ಆಯಿತು. ನಿಮಗೆ ಏನಾದರೂ ತರಬೇಕಾ?

ಪ್ರತಿಮಾ


ಹೊಂಗನೂರು
4 ಆಗಸ್ಟ್ 2025

ಪ್ರತಿಮಾ,

ಆಶೀರ್ವಾದ. ನೀನು ತಂದ ಮುಲಾಮು ಕೈಗೆ ಹಚ್ಚಿಕೊಳ್ಳುತ್ತಿದ್ದೇನೆ. ಮೀನಿನ ವಾಸನೆ. ಬೆಕ್ಕು ಹಿಂದೆಯೇ ತಿರುಗುತ್ತದೆ.

ಹೋದ ತಿಂಗಳು ಬಂದಾಗ ಉಂಡು ಚಾಪೆಯ ಮೇಲೆ ಮಲಗಿದವಳು ಸಂಜೆಯ ಬಸ್ಸು ತಪ್ಪಿಸಿಕೊಳ್ಳುವ ತನಕ ನಿದ್ದೆ ಮಾಡಿದೆ. ಹಾಸ್ಟೆಲಿನಲ್ಲಿ ಮಲಗಲು ಬಿಡುವುದಿಲ್ಲವೇ? ಮೈಯಲ್ಲಿ ಒಂದು ಹಿಡಿ ಮಾಂಸ ಇಲ್ಲ. ನಿನ್ನ ಅಪ್ಪ ಗಂಗಹನುಮಯ್ಯ ನೋಡಿದರೆ ನಾನೇ ಉಪವಾಸ ಕೆಡವಿದ್ದೇನೆ ಅಂದುಕೊಂಡಾರು. ಮಾಗಡಿಯವರ ಬಾಯಿ ನನಗೆ ಗೊತ್ತಿಲ್ಲವೇ.

ಬರುವ ಸೋಮವಾರವೂ ಬಾ. ಅವರೆಕಾಳು ಇದೆ, ಬಸ್ಸಾರು ಮಾಡುತ್ತೇನೆ. ಕೆಲಸದಿಂದ ಬೇಗ ಬರುತ್ತೇನೆ ಅಂತ ಮಕ್ಬೂಲ್ ಸಾಬರಿಗೆ ಹೇಳಿದ್ದೇನೆ.

ಮುನಿಯಮ್ಮ


ಹಾರೋಹಳ್ಳಿ
19 ಆಗಸ್ಟ್ 2025

ಅತ್ತೆ,

ಬಸ್ಸಾರು ಚೆನ್ನಾಗಿತ್ತು. ಡಬ್ಬಿಯಲ್ಲಿ ಕಟ್ಟಿಕೊಟ್ಟಿದ್ದನ್ನು ಜಾರಾ ತಿಂದಳು.

ಒಂದು ವಿಷಯ. ಮಕ್ಬೂಲ್ ಸಾಬರ ಫಿಲೇಚರ್ ಜೂನ್‌ನಲ್ಲೇ ಬಾಗಿಲು ಹಾಕಿದೆ ಅಂತ ಜಾರಾ ಹೇಳುತ್ತಾಳೆ. ಅವಳ ಚಿಕ್ಕಪ್ಪ ಹುಸೇನ್ ಅಲ್ಲೇ ನೂಲಿನ ಲಡಿ ಕಟ್ಟುತ್ತಿದ್ದರಂತೆ, ಈಗ ಹೈವೇಯಲ್ಲಿ ಗೊಂಬೆ ಅಂಗಡಿ ಮುಂದೆ ಕಾರು ನಿಲ್ಲಿಸುವ ಕೆಲಸ ಮಾಡುತ್ತಾರಂತೆ. ನೂಲಿಗೆ ರೇಟಿಲ್ಲ, ಗೂಡಿಗೆ ಮಾತ್ರ ರೇಟು ಇದೆ, ಹಾಗಾಗಿ ಬೀದಿಗೆ ಬೀದಿಯೇ ಮುಚ್ಚಿದೆ ಅಂದಳು.

ನೀವು ಹೋದ ವಾರ ಬೆಳಗ್ಗೆ "ಕೆಲಸಕ್ಕೆ ಹೋಗಿ ಬತ್ತೀನಿ" ಅಂತ ಹೊರಟು ಮಧ್ಯಾಹ್ನ ಬಂದಿರಿ. ಎಲ್ಲಿಗೆ ಹೋಗಿದ್ದಿರಿ?

ಪ್ರತಿಮಾ


ಹೊಂಗನೂರು
26 ಆಗಸ್ಟ್ 2025

ಪ್ರತಿಮಾ,

ಜಾರಾ ತೋಳು ಹೊಲಿಯುವುದನ್ನು ಬಿಟ್ಟು ಊರ ಸುದ್ದಿ ಹೊಲಿಯುತ್ತಾಳೆ ಅಂತ ಕಾಣುತ್ತದೆ. ಫಿಲೇಚರ್ ಮುಚ್ಚಿಲ್ಲ. ರಿಪೇರಿಗೆ ನಿಲ್ಲಿಸಿದ್ದಾರೆ. ಬಾಯ್ಲರ್ ಹಳೆಯದಾಯಿತು. ಬೇಜಾರು ಕಳೆಯಲಿ ಅಂತ ಅಂಕಯ್ಯನ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೀಳಲು ಹೋಗುತ್ತೇನೆ, ಅದಕ್ಕೇನು ಈಗ?

ಮಕ್ಬೂಲ್ ಸಾಬರು ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದರು. ಗಡ್ಡ ಕತ್ತರಿಸಿಕೊಂಡಿಲ್ಲ. "ಮುನಿಯಮ್ಮ, ಒಸಿ ತಡ್ಕ, ಮತ್ತೆ ಸುರು ಮಾಡ್ತೀನಿ" ಅಂದರು. ಅವರೇ ಹೇಳಿದ ಮೇಲೆ ಇನ್ನೇನು.

ನಿನ್ನ ಫ್ಯಾಕ್ಟರಿಯ ಕತೆ ಏನು? ಹಾರೋಹಳ್ಳಿಯಲ್ಲಿ ಜನ ತೆಗೆಯುತ್ತಿದ್ದಾರೆ ಅಂತ ಬಸ್ಸಿನಲ್ಲಿ ಮಾತಾಡುತ್ತಿದ್ದರು ಅಂತ ಅಂಕಯ್ಯ ಹೇಳಿದ. ರಜೆ ಕಷ್ಟವಾದರೆ ಹೇಳು. ಅಕ್ಕಿ ಇಲ್ಲದಿದ್ದರೆ ರಾಗಿ ಇದೆ. ರಾಗಿಯೂ ಸೊಸೈಟಿಯದೇ, ಅದು ಬೇರೆ ಮಾತು.

ಮುನಿಯಮ್ಮ


ಹಾರೋಹಳ್ಳಿ
17 ಸೆಪ್ಟೆಂಬರ್ 2025

ಅತ್ತೆ,

ಸುಖವಾಗಿ ತಲುಪಿದೆ. ಕನಕಪುರದ ಹತ್ತಿರ ಬಸ್ಸು ಕೆಟ್ಟು ನಿಂತಿತು, ಮೊದಲ ಶಿಫ್ಟಿಗೆ ಹೇಗೋ ಸೇರಿಕೊಂಡೆ.

ನೀವು ಎಮ್ಮೆ ಹಾಲು ತರಲು ಹೋಗಿದ್ದಾಗ ನಾನೊಬ್ಬಳೇ ಸೊಸೈಟಿಗೆ ಹೋದೆನಲ್ಲ, ಅನಂತರಾಜು ಆವತ್ತು ಬಹಳ ಮಾತಾಡಿದರು. ಜನ ಇರಲಿಲ್ಲ, ಹೊತ್ತು ಹೋಗದೆ ಮಾತಾಡಿದರೇನೋ.

ಅಪ್ಪ ಫೋನ್ ಮಾಡಿದ್ದರು. "ಅವ್ನೇ ಇಲ್ದ ಮ್ಯಾಲೆ ಆ ಊರಿಗೆ ಯಾಕ್ಲಾ ಓಡಾಡ್ತಾಳೆ ಇವ್ಳು" ಅಂತ ತಮ್ಮನ ಹತ್ತಿರ ರೇಗಿದರಂತೆ. ನನ್ನ ಹೆಬ್ಬೆಟ್ಟು ಇಲ್ಲದಿದ್ದರೆ ಅತ್ತೆಗೆ ಅಕ್ಕಿ ಇಲ್ಲ ಅಂದೆ. ಆ ಮಾತಿಗೆ ಅವರು ಎದುರು ಹೇಳುವುದಿಲ್ಲ. ಹಸಿವಿನ ವಿಷಯಕ್ಕೆ ಅಪ್ಪ ಮೆತ್ತಗೆ.

ರಜೆಗೆ ತೊಂದರೆ ಇಲ್ಲ. ಅಕ್ಟೋಬರಿನಲ್ಲೂ ಬರುತ್ತೇನೆ.

ಪ್ರತಿಮಾ


ಹೊಂಗನೂರು
3 ಅಕ್ಟೋಬರ್ 2025

ಪ್ರತಿಮಾ,

ಆಯುಧಪೂಜೆಗೆ ಮಕ್ಬೂಲ್ ಸಾಬರು ನಿಂತ ಮಿಷನ್ನಿಗೇ ಹೂವು ಹಾಕಿಸಿದರು. ಹಳೆ ಕೆಲಸದ ಹೆಂಗಸರನ್ನೆಲ್ಲ ಕರೆದು ಕಡ್ಲೆಪುರಿ ಹಂಚಿದರು. ನಾವೆಲ್ಲ ತಣ್ಣನೆಯ ಬಾಣಲೆಗಳ ಮುಂದೆ ಕೂತು ತಿಂದೆವು. ಯಾರ ಕೈ ನೋಡಿದರೂ ಒಳ್ಳೆ ಮದುಮಗಳ ಕೈಯ ಹಾಗಿದೆ. ಒಬ್ಬರಿಗೂ ಅದರಿಂದ ಸಂತೋಷವಿಲ್ಲ.

ಸೋಮವಾರ ಬರುತ್ತೀಯಲ್ಲ? ಬರುವುದಾದರೆ ಬಾ. ಬಲವಂತವಿಲ್ಲ. ಹೆಬ್ಬೆಟ್ಟಿಗೆ ಬೇರೆ ದಾರಿ ಇದೆಯೇ ಅಂತ ಅನಂತರಾಜುವನ್ನು ನಾನು ಕೇಳಿಲ್ಲ. ಕೇಳಿದರೂ ಅವನಿಗೇನು ಗೊತ್ತು.

ಮುನಿಯಮ್ಮ


ಹಾರೋಹಳ್ಳಿ
15 ಅಕ್ಟೋಬರ್ 2025

ಅತ್ತೆ,

ತಲುಪಿದೆ. ಎಲ್ಲ ಚೆನ್ನಾಗಿದೆ. ಕೆಲಸ ಇದ್ದೇ ಇದೆ. ಇಲ್ಲಿಗೆ ಸದ್ಯ ಕಾಗದ ಬರೆಯಬೇಡಿ, ಹಾಸ್ಟೆಲ್ ಬದಲಾಗುತ್ತಿದೆ. ನಾನೇ ಬರೆಯುತ್ತೇನೆ.

ಪ್ರತಿಮಾ


ಮಾಗಡಿ
13 ನವೆಂಬರ್ 2025

ಅತ್ತೆಯವರಿಗೆ,

ಊರಿನ ಹೆಸರು ನೋಡಿ ನಿಮಗೆ ಗೊತ್ತಾಗಿರುತ್ತದೆ. ಕೆಲಸ ಹೋಯಿತು. ಹೋಗಿದ್ದು ಈಗಲ್ಲ, ಅಕ್ಟೋಬರಿನ ಸೋಮವಾರ ನಿಮ್ಮ ಮನೆಗೆ ಬಂದು ಮಾರನೆಯ ದಿನ ಹೋದೆನಲ್ಲ, ಆವತ್ತೇ. ಗೇಟಿನಲ್ಲಿ ನಿಲ್ಲಿಸಿದರು. ರಜೆ ಜಾಸ್ತಿ ಇದ್ದವರನ್ನು ಮೊದಲು ತೆಗೆದರು. ಜಾರಾಳಿಗೆ ರಜೆ ಇರಲಿಲ್ಲ, ಅವಳನ್ನು ಆಮೇಲಿನ ವಾರ ತೆಗೆದರು. ಒಂದು ತಿಂಗಳು ಅಲ್ಲೇ ಬೇರೆ ಕೆಲಸ ಹುಡುಕಿದೆ. ಗೇಟುಗಳ ಮುಂದೆ ನಿಂತಿರುವ ಹೆಂಗಸರನ್ನು ನೋಡಿದರೆ ಒಳಗೆ ಯಾರೂ ಉಳಿದಿಲ್ಲವೇನೋ ಅನ್ನಿಸುತ್ತದೆ. ಈ ತಿಂಗಳ ಸೋಮವಾರ ಬರಲಾಗಲಿಲ್ಲ. ಅಪ್ಪ ಬಂದು ಕರೆದುಕೊಂಡು ಬಂದರು.

ಇಲ್ಲಿ ಅಪ್ಪ ಒಂದು ಮಾತು ಹಿಡಿದಿದ್ದಾರೆ. ನಿಮ್ಮ ಕಾರ್ಡಿನಿಂದ ನನ್ನ ಹೆಸರು ತೆಗೆಸಿ ಮಾಗಡಿಯ ಕಾರ್ಡಿಗೆ ಸೇರಿಸಬೇಕಂತೆ. ಮನೆಯಲ್ಲಿ ಉಣ್ಣುವ ಬಾಯಿ ಜಾಸ್ತಿಯಾಗಿದೆ, ನನ್ನ ಪಾಲಿನ ಅಕ್ಕಿಯಾದರೂ ಇಲ್ಲಿ ಬರಲಿ ಅನ್ನುತ್ತಾರೆ. ಅದು ತಪ್ಪಲ್ಲ. ಹೆಸರು ಇಲ್ಲಿಗೆ ಬಂದರೆ ಮುಂದಿನದೂ ನೋಡಬಹುದು ಅನ್ನುತ್ತಾರೆ. ಮುಂದಿನದು ಅಂದರೆ ಏನು ಅಂತ ನಾನು ಕೇಳಿಲ್ಲ.

ಹೆಸರು ತೆಗೆಯಬೇಕಾದರೆ ಯಜಮಾನಿಯ ಹೆಬ್ಬೆಟ್ಟು ಬೀಳಬೇಕು. ಅತ್ತೆಯದು ಮಿಷನ್ನಿಗೆ ಹತ್ತುವುದಿಲ್ಲ ಅಂತ ಅಪ್ಪನಿಗೆ ಹೇಳಿದ್ದೇನೆ. ಅವರು ನಂಬುತ್ತಿಲ್ಲ. ನೀವು ಒಂದು ಸಾಲು ಬರೆದರೆ ತೋರಿಸುತ್ತೇನೆ. ನಿಮಗೆ ಹೇಗೆ ತೋಚುತ್ತದೋ ಹಾಗೆ ಮಾಡಿ.

ಪ್ರತಿಮಾ


ಹೊಂಗನೂರು
21 ನವೆಂಬರ್ 2025

ಪ್ರತಿಮಾ,

ನಿನ್ನ ಕಾಗದ ಬಂದ ಮಾರನೆಯ ದಿನವೇ ಚನ್ನಪಟ್ಟಣದ ಸೇವಾ ಕೇಂದ್ರಕ್ಕೆ ಹೋದೆ. ಕಂಪ್ಯೂಟರ್ ಮುಂದೆ ಮುಜೀಬ್ ಅನ್ನುವವನು ಕೂತಿರುತ್ತಾನೆ. ಒಳ್ಳೆಯವನು, ಗಟ್ಟಿಯಾಗಿ ಮಾತಾಡುತ್ತಾನೆ. ಹೆಬ್ಬೆಟ್ಟು ಇಟ್ಟೆ. ಒಂದೇ ಸಲಕ್ಕೆ ತೆಗೆದುಕೊಂಡಿತು. ನಿನ್ನ ಹೆಸರು ತೆಗೆದರು. ಅದರ ಚೀಟಿ ಇದರೊಳಗೆ ಇಟ್ಟಿದ್ದೇನೆ. ನಿಮ್ಮಪ್ಪನಿಗೆ ಕೊಡು.

ನನ್ನ ಹೆಬ್ಬೆಟ್ಟು ಆಗಸ್ಟಿನಿಂದಲೇ ಹತ್ತುತ್ತಿದೆ. ಫಿಲೇಚರ್ ಮುಚ್ಚಿದ ಮೇಲೆ ಕೈ ಕುದಿಯುವ ನೀರು ಕಾಣಲಿಲ್ಲ, ಚರ್ಮ ಕೂಡಿಕೊಂಡು ಗೆರೆ ಬಂತು. ನೀನು ಬರುವ ಹಿಂದಿನ ಸೋಮವಾರ ಸುಮ್ಮನೆ ಇಟ್ಟು ನೋಡಿದೆ. ಮಿಷನ್ನಿನಲ್ಲಿ ಹಸಿರು ದೀಪ ಹತ್ತಿತು, ಅನಂತರಾಜು ಅದನ್ನು ತೋರಿಸಿದ. ತಕ್ಷಣ ಕೈ ಎಳೆದುಕೊಂಡು "ಬ್ಯಾಡ, ಅಳಿಸ್ಬುಡು, ನನ್ನ ಸೊಸೆ ಬಂದು ಕೊಡ್ತಾಳೆ" ಅಂದೆ. ಹತ್ತಿತು ಅಂದರೆ ನೀನು ಬರುವುದಿಲ್ಲ ಅನ್ನಿಸಿತು. ಮಗನಿಲ್ಲದ ಮನೆಗೆ ನೀನು ಬರಲಿಕ್ಕೆ ಬೇರೆ ಏನಿದೆ?

ನನ್ನ ಹಟಕ್ಕೆ ನಿನ್ನ ಕೆಲಸ ಹೋಯಿತು. ನಿಮ್ಮಪ್ಪ ನಂಬದಿದ್ದದ್ದು ಸರಿಯೇ ಆಯಿತು. ನೀನು ಹೇಳಲಾರದೆ ಸುತ್ತಿ ಬಳಸಿ ಬರೆದಿದ್ದೀಯ, ನನಗೆ ಅರ್ಥವಾಗದೆ ಹೋಗುತ್ತದೆಯೇ? ಬಿಡುಗಡೆ ಬೇಕು ಅಂತ ನೇರವಾಗಿ ಕೇಳಿದ್ದರೂ ಕೊಡುತ್ತಿದ್ದೆ. ನಿನ್ನ ವಯಸ್ಸಿಗೆ ಮುಂದಿನದು ಅನ್ನುವುದು ಇರಲೇಬೇಕು. ಮಾಡಿಕೋ. ನನಗೆ ಬೇಸರವಿಲ್ಲ.

ಮುನಿಯಮ್ಮ


ಮಾಗಡಿ
27 ನವೆಂಬರ್ 2025

ಅತ್ತೆ,

ನಿಮ್ಮ ಚೀಟಿಯನ್ನು ಅಪ್ಪನಿಗೆ ಕೊಟ್ಟಿಲ್ಲ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ದಪ್ಪಗೆ ಬರುತ್ತಿಲ್ಲ, ಹೇಗೋ ಓದಿಕೊಳ್ಳಿ.

ನನಗೆ ಸೆಪ್ಟೆಂಬರಿನಲ್ಲೇ ಗೊತ್ತಿತ್ತು. ನೀವು ಹಾಲಿಗೆ ಹೋಗಿದ್ದ ದಿನ ಅನಂತರಾಜು "ನಿಮ್ಮತ್ತೇದು ಹೋದ ತಿಂಗ್ಳೇ ಹತ್ತುತು ಕಣವ್ವ. ಹೇಳ್ಬ್ಯಾಡ ಅಂದವ್ಳೆ, ನಾನು ಹೇಳ್ದೆ ಅಂತ ಹೇಳ್ಬ್ಯಾಡ" ಅಂದರು. ನನಗೆ ಸಿಟ್ಟೇ ಬಂತು. ಒಂದೊಂದು ರಜೆಗೂ ಸೂಪರ್‌ವೈಸರ್ ಮುಂದೆ ಹಲ್ಲು ಗಿಂಜಿ ನಿಂತವಳು ನಾನು. ಮನೆಗೆ ಬಂದು ಕೇಳಿಯೇಬಿಡೋಣ ಅಂದುಕೊಂಡೆ. ನೀವು ಹಾಲು ಕಾಯಿಸಿ, ಬೆಲ್ಲ ಹಾಕಿ, ಲೋಟ ಮುಂದಿಟ್ಟಿರಿ. ಕೇಳಲಿಲ್ಲ.

ಅಕ್ಟೋಬರಿನ ಸೋಮವಾರ ನನ್ನ ಹೆಬ್ಬೆಟ್ಟು ಬೇಕಾಗಿಲ್ಲ ಅಂತ ಗೊತ್ತಿದ್ದೇ ಬಂದೆ. ರಜೆ ಹಾಕಿದರೆ ಕೆಲಸ ಹೋಗುತ್ತದೆ ಅಂತಲೂ ಗೊತ್ತಿತ್ತು, ಹಿಂದಿನ ಶನಿವಾರವೇ ಹೇಳಿದ್ದರು. ಹಾಸ್ಟೆಲಿನಲ್ಲಿ ನನಗೆ ನಿದ್ದೆ ಬರುವುದಿಲ್ಲ ಅತ್ತೆ. ಇಲ್ಲಿಯೂ ಬರುವುದಿಲ್ಲ. ಇಲ್ಲಿ ಎಲ್ಲರೂ ನನ್ನನ್ನು ನೋಡಿ ಅಯ್ಯೋ ಅನ್ನುತ್ತಾರೆ, ಲೋಕೇಶನ ಹೆಸರು ಬಂದರೆ ಮಾತು ಬದಲಾಯಿಸುತ್ತಾರೆ. ನೀವು ಒಬ್ಬರೇ ಲೋಕೇಶನನ್ನು ಈಗಲೂ ಬೈಯುವವರು. ಆದ್ದರಿಂದ ನಿಮ್ಮ ತಪ್ಪಿಗೆ ನನ್ನ ಕೆಲಸ ಹೋಯಿತು ಅಂತ ಬರೆಯಬೇಡಿ. ನಾನೇ ಕಳೆದುಕೊಂಡೆ.

ನಾನು ಹೋದ ಕಾಗದದಲ್ಲಿ ಕೇಳಿದ್ದು ಬಿಡುಗಡೆಯನ್ನಲ್ಲ. ಹತ್ತುವುದಿಲ್ಲ ಅಂತ ಒಂದು ಸಾಲು ಬರೆಯಿರಿ, ಅಪ್ಪನಿಗೆ ತೋರಿಸಿ ಬಾಯಿ ಮುಚ್ಚಿಸುತ್ತೇನೆ ಅಂತ ಕೇಳಿದ್ದು. ಇಷ್ಟು ತಿಂಗಳು ಸಲೀಸಾಗಿ ಹೇಳಿದ ಸುಳ್ಳನ್ನು ಇನ್ನೊಂದು ಸಲ ಹೇಳಲು ನಿಮಗೇನಾಗಿತ್ತು?

ಈಗ ನಾನು ಯಾವ ಕಾರ್ಡಿನಲ್ಲೂ ಇಲ್ಲ.

ಪ್ರತಿಮಾ


ಹೊಂಗನೂರು
4 ಡಿಸೆಂಬರ್ 2025

ಪ್ರತಿಮಾ,

ಓದಿದೆ. ಮೊದಲು ಅನಂತರಾಜುವಿನ ಮೇಲೆ ಸಿಟ್ಟು ಬಂತು. ಆಮೇಲೆ ನಿನ್ನ ಮೇಲೆ. ಆಮೇಲೆ ಒಲೆ ಮುಂದೆ ಕೂತು ಅತ್ತುಬಿಟ್ಟೆ. ಅಂಕಯ್ಯ ಹೊಗೆ ಅಂದುಕೊಂಡು ಕಿಟಕಿ ತೆಗೆದು ಹೋದ.

ಸುತ್ತಿ ಬಳಸಿ ಬರೆಯುವುದು ಇನ್ನು ಸಾಕು. ನೇರವಾಗಿ ಬರೆಯುತ್ತೇನೆ. ಈ ಮನೆಗೆ ನೀನು ಬೇಕು. ಅಕ್ಕಿಗಲ್ಲ. ಬೆಳಗಾದರೆ ಬೈಯಲು ಒಬ್ಬರು ಬೇಕು. ಲೋಕೇಶನನ್ನು ಎಷ್ಟು ಬೈದರೂ ಅವನು ತಿರುಗಿ ಮಾತಾಡುವುದಿಲ್ಲ. ನಾಳೆ ನಿನಗೆ ಮುಂದಿನದು ಅಂತ ಒಂದು ಬಂದರೆ ಈ ಮನೆಯಿಂದಲೇ ಮಾಡಿಕೊಡುತ್ತೇನೆ, ಅದನ್ನೂ ನಿಮ್ಮಪ್ಪನಿಗೆ ಹೇಳು. ಕೆಲಸ ಇಲ್ಲಿ ಏನೂ ಇಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಮಕ್ಬೂಲ್ ಸಾಬರು ಸಂಕ್ರಾಂತಿಯ ಮೇಲೆ ಅರ್ಧ ಫಿಲೇಚರ್ ತೆಗೆಯುತ್ತಾರಂತೆ. ತೆಗೆದಾಗ ನೋಡೋಣ. ಅಲ್ಲಿಯ ತನಕ ಇಬ್ಬರೂ ಸೊಪ್ಪು ಕೀಳಬಹುದು.

ನಿನ್ನೆ ಮತ್ತೆ ಮುಜೀಬನ ಹತ್ತಿರ ಹೋದೆ. "ಏನಜ್ಜಿ, ಮೊನ್ನೆ ತೆಗ್ಸಿದ್ರಿ, ಈಗ ಸೇರ್ಸು ಅಂತೀರ?" ಅಂತ ಕೂಗಿದ. ಹೂಂ ಅಂದೆ. ಸೇರಿಸಬೇಕಾದವರು ಏನಾಗಬೇಕು ಅಂತ ಕೇಳಿದ. ಸೊಸೆ ಅಂದೆ. ಮಗನ ಹೆಸರು ಹುಡುಕಿ, "ಇವ್ರು ತೀರ್ಕೊಂಡವ್ರೆ ಅಂತ ಐತಲ್ಲಜ್ಜಿ, ಸೊಸೆ ಅಂತ ಹೆಂಗೆ ಹಾಕ್ಲಿ?" ಅಂದ.

"ಮಗ ಸತ್ರೆ ಸೊಸೆನೂ ಸತ್ತೋಯ್ತಾಳೇನಪ್ಪ?" ಅಂದೆ. ಕಿವಿ ಕೇಳದವರ ಮಾತು ಜೋರಾಗಿಯೇ ಬರುತ್ತದಲ್ಲ, ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಸೊಸೆ ಅಂತಲೇ ಒತ್ತಿದ. ನಾನು ಹೆಬ್ಬೆಟ್ಟು ಇಟ್ಟೆ, ಹತ್ತಿತು. ಸೇರುವವರದೂ ಬೇಕಂತೆ. ನಿನ್ನದೊಂದು ಬಾಕಿ ಇದೆ. ಬಾ.

ನಿನ್ನ ಅತ್ತೆ